17 ಇಂಚಿನ ಷೋಕಿ

ನಮ್ಮ ಭೀಮಸಮುದ್ರದಲ್ಲಿ ಆ ವರ್ಷ ಅಡಿಕೆಗೆ ರೇಟು ಬಂತೋ ಇಲ್ಲವೋ ಎಂದು ತಿಳಿಯಲು ಮಂಡಿಗೆ ಹೋಗಿ ವಿಚಾರಿಸಬೇಕಾಗಿಲ್ಲ. ಬಸ್ ನಿಲ್ಲುವ ಕಡೆ ಅರ್ಧ ಗಂಟೆ ನಿಂತು, ಹಾದುಹೋಗುವ ಕಾರುಗಳ ಕಾಲು ನೋಡಿದರೆ ಸಾಕು. ರೇಟು ಬಂದ ವರ್ಷ ಚಕ್ರಗಳು ದೊಡ್ಡದಾಗುತ್ತವೆ. 14 ಇಂಚು ಇದ್ದದ್ದು 15 ಆಗುತ್ತದೆ, 15 ಇದ್ದದ್ದು ಒಂದೇ ನೆಗೆತಕ್ಕೆ 17 ಆಗುತ್ತದೆ. ಕಾರು ಅದೇ, ಎಂಜಿನ್ನೂ ಅದೇ, ಬ್ರೇಕೂ ಅದೇ. ಕಪ್ಪು ಬಣ್ಣದ ಅಲಾಯ್ ವೀಲು, ಅದರ ಸುತ್ತ ಬಳೆ ತೊಡಿಸಿದ ಹಾಗೆ ತೆಳ್ಳಗಿನ ಟೈರು. ಸೆಕೆಂಡ್ ಹ್ಯಾಂಡ್ ಸ್ವಿಫ್ಟೋ ಪೋಲೊವೋ ಈ ವೇಷದಲ್ಲಿ ಬಂದರೆ ನಮ್ಮ ಹುಡುಗರು ಅದಕ್ಕೆ ಸ್ಪೋರ್ಟ್ಸ್ ಕಾರು ಎನ್ನುತ್ತಾರೆ.

ಇದು ವಯಸ್ಸಾದವನೊಬ್ಬನ ಉಪದೇಶ ಎಂದು ಪುಟ ಮಗುಚಬೇಡಿ. ಹುಡುಗರಿಗೆ ಜೋರಾಗಿ ಹೋಗಬೇಕೆನ್ನಿಸುವುದು ಪಾಪವೇನಲ್ಲ. ನನಗೂ ಜೋರಾಗಿ ಹೋಗುವ ಕಾರೆಂದರೆ ಇಷ್ಟವೇ. ನನ್ನ ತಕರಾರು ಬೇರೆ. ಜೋರಾಗಿ ಹೋಗಲು ಖರ್ಚು ಮಾಡಬೇಕಾದ ದುಡ್ಡನ್ನು ಇವರು ಜೋರಾಗಿ ಕಾಣಲು ಸುರಿಯುತ್ತಿದ್ದಾರೆ; ಮಾರುವವರು ಅದನ್ನೇ 'ಪರ್ಫಾರ್ಮೆನ್ಸ್' ಎಂದು ನಂಬಿಸುತ್ತಿದ್ದಾರೆ.

ಟೈರಿನ ಮೈಮೇಲೆ ಅದರ ಜಾತಕವೇ ಬರೆದಿರುತ್ತದೆ. ಓದುವವರು ಕಡಿಮೆ. ಸ್ವಿಫ್ಟಿನ ಮೇಲ್ದರ್ಜೆಯ ಮಾದರಿಗಳಲ್ಲಿ ಬಹುಕಾಲ ಬಂದ ಅಳತೆ 185/65 ಆರ್ 15. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಮಗ್ಗುಲಿನ ಎತ್ತರ ಎಂಬುದು. ಕೊನೆಯದು ರಿಮ್ಮಿನ ಇಂಚು. ಲೆಕ್ಕ ಹಾಕಿದರೆ ಮಗ್ಗುಲು 120 ಮಿ.ಮೀ. ಇದನ್ನು ತೆಗೆದು 205/45 ಆರ್ 17 ಹಾಕಿದರೆ ಚಕ್ರದ ಒಟ್ಟು ಎತ್ತರ ಹೆಚ್ಚೂಕಡಮೆ ಅಷ್ಟೇ ಉಳಿಯುತ್ತದೆ. ಮಗ್ಗುಲು ಮಾತ್ರ 92 ಮಿ.ಮೀ.ಗೆ ಇಳಿಯುತ್ತದೆ. ಹೋದದ್ದು 28 ಮಿ.ಮೀ. ರಬ್ಬರು ಮತ್ತು ಗಾಳಿ. ಗುಂಡಿಗೂ ರಿಮ್ಮಿಗೂ ನಡುವೆ ಇದ್ದ ಮೆತ್ತೆ ಅದು. ಅಳತೆಯ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ: 88 ಎಂದಿದ್ದರೆ ಆ ಟೈರು 560 ಕಿಲೋ ಹೊರಬಲ್ಲದು, 84 ಎಂದಿದ್ದರೆ 500 ಕಿಲೋ. 17 ಇಂಚಿನ ಈ ಅಳತೆಯಲ್ಲಿ ಹೆಚ್ಚು ಭಾರ ಹೊರುವ ಮಾದರಿಯನ್ನು ಕೇಳಿ ಪಡೆಯದಿದ್ದರೆ ಕೈಗೆ ಬರುವುದು 84. ದೊಡ್ಡ ಚಕ್ರ ಹಾಕಿಸಿ ಹೊರುವ ಶಕ್ತಿ ಕಡಿಮೆ ಮಾಡಿಕೊಂಡ ಹಾಗಾಯಿತು. ಅದೇ ಕಾರಿನಲ್ಲಿ ಐದು ಜನರನ್ನೂ ಡಿಕ್ಕಿಯಲ್ಲಿ ಒಂದು ಮೂಟೆ ಅಡಿಕೆಯನ್ನೂ ತುಂಬಿಕೊಂಡು ದುರ್ಗಕ್ಕೆ ಹೊರಡುತ್ತಾರೆ.

"ಅಗಲ ಟೈರು ಜಾಸ್ತಿ ನೆಲ ಹಿಡಿಯುತ್ತೆ ಮಾವ" ಎಂದು ನನ್ನ ಅಕ್ಕನ ಮಗ ವಾದಿಸುತ್ತಾನೆ. ಕೇಳಲು ಸರಿಯೆನ್ನಿಸುತ್ತದೆ. ಆದರೆ ಟೈರು ನೆಲವನ್ನು ಮುಟ್ಟುವ ಜಾಗ ಒಂದು ಅಂಗೈಯಷ್ಟು. ಕಾರಿನ ತೂಕವೂ ಗಾಳಿಯ ಒತ್ತಡವೂ ಅಷ್ಟೇ ಇದ್ದರೆ ಆ ಜಾಗದ ವಿಸ್ತೀರ್ಣ ಹೆಚ್ಚೇನೂ ಬದಲಾಗುವುದಿಲ್ಲ, ಉದ್ದವಾಗಿದ್ದದ್ದು ಅಡ್ಡವಾಗುತ್ತದೆ. ಒಣಗಿದ ನುಣುಪು ಟಾರಿನ ಮೇಲೆ, ತಿರುವಿನಲ್ಲಿ, ಅದರಿಂದ ಲಾಭವುಂಟು. ಮಳೆ ನಿಂತ ರಸ್ತೆಯಲ್ಲಿ ಅದೇ ಅಗಲ ಶತ್ರು, ನೀರನ್ನು ಸೀಳಿಕೊಂಡು ಹೋಗುವ ಬದಲು ಅದರ ಮೇಲೆ ತೇಲುತ್ತದೆ. ನಿಜವಾದ ಹಿಡಿತ ಇರುವುದು ರಬ್ಬರಿನ ಮಿಶ್ರಣದಲ್ಲಿ. ಅದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಯಾರೂ ದುಡ್ಡು ಬಿಚ್ಚುವುದಿಲ್ಲ.

ಇನ್ನು ನಮ್ಮ ರಸ್ತೆ. ಇಲ್ಲಿ ಕಬ್ಬಿಣದ ಅದಿರಿನ ಲಾರಿಗಳು ಓಡಾಡುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಧೂಳು ತಗ್ಗಿತ್ತು. ಗಣಿ ಮತ್ತೆ ಶುರುವಾಯಿತು, ಧೂಳೂ ಬಂತು. ಬೇಸಿಗೆಯುದ್ದಕ್ಕೂ ರಸ್ತೆಗೆ ಮೆತ್ತಿದ ಆ ಕೆಂಪು ಪುಡಿ ಮುಂಗಾರಿನ ಮೊದಲ ಹದ ಮಳೆಗೆ ಎಣ್ಣೆ ಸವರಿದ ಹಾಗಾಗುತ್ತದೆ. ಸುಗ್ಗಿಯಲ್ಲಿ ರಾಗಿ ತೆನೆ, ಹುರುಳಿ ಸೊಪ್ಪು ತಂದು ರಸ್ತೆಗೇ ಹರಡುತ್ತಾರೆ. (ಕಣ ಮಾಡಲು ಯಾರಿಗೂ ಪುರಸೊತ್ತಿಲ್ಲ, ಸರ್ಕಾರ ಹಾಕಿಸಿಕೊಟ್ಟ ಟಾರೇ ಕಣ, ದಾರಿಹೋಕರ ಕಾರೇ ಗುಂಡು. ಅದರ ಬಗ್ಗೆ ಬೇರೆಯೇ ಜಗಳ ಮಾಡಬೇಕು.) ಊರಿಗೊಂದರಂತೆ, ಕೆಲವು ಕಡೆ ಮನೆಗೊಂದರಂತೆ ಹಂಪುಗಳು. ಈ ರಸ್ತೆಗೆ ಬಳೆಯಂಥ ಟೈರು ತೊಡಿಸಿಕೊಂಡು ಬರುವವನನ್ನು ನೋಡಿದರೆ ಗದ್ದೆ ನಾಟಿಗೆ ರೇಷ್ಮೆ ಪಂಚೆ ಉಟ್ಟುಕೊಂಡು ಬಂದವನ ನೆನಪಾಗುತ್ತದೆ.

ನಮ್ಮ ಹುಡುಗನ ಬಿಲ್ಲನ್ನೇ ನೋಡಿ. 2023ರ ಬೇಸಿಗೆಯಲ್ಲಿ, ಹೊರಗಿನ ಊರೊಂದರ ಅಂಗಡಿಯಲ್ಲಿ, ನಾಲ್ಕು ಅಲಾಯ್ ವೀಲಿಗೆ 42 ಸಾವಿರ ಕೊಟ್ಟ. ಟೈರಿಗೆ ಉಳಿದದ್ದು 18 ಸಾವಿರ. ಅಷ್ಟು ದುಡ್ಡಿಗೆ ಆ ಅಳತೆಯಲ್ಲಿ ಹೆಸರಾಂತ ಕಂಪನಿಯ ಟೈರು ಬರುವುದಿಲ್ಲ. ಅಂಗಡಿಯವನು ಒಳಗಿನಿಂದ ಹೆಸರೇ ಕೇಳದ ನಾಲ್ಕು ಟೈರು ತಂದು, ಸಾಬೂನು ನೀರು ಹಾಕಿ ಒರೆಸಿ, "ಹೊಸ ಮಾಲು" ಎಂದು ಏರಿಸಿದ. ಜೂನಿನಲ್ಲಿ ಮಳೆ ಹಿಡಿದ ದಿನ ದುರ್ಗದ ಕಡೆ ಹೋಗುವಾಗ ಮುಂದಿನ ಬಸ್ಸು ನಿಂತಿತು, ಇವನು ಬ್ರೇಕು ಒತ್ತಿದ, ಕಾರು ನಿಲ್ಲಲಿಲ್ಲ. ಎ.ಬಿ.ಎಸ್. ಇತ್ತು, ಆದರೆ ಎ.ಬಿ.ಎಸ್. ಎಲ್ಲಿಂದಲೋ ಹಿಡಿತವನ್ನು ತಂದುಕೊಡುವುದಿಲ್ಲ, ಇರುವ ಹಿಡಿತವನ್ನು ಬಳಸಿಕೊಳ್ಳುತ್ತದೆ ಅಷ್ಟೆ. ಬಸ್ಸಿಗೆ ಗುದ್ದುವುದನ್ನು ತಪ್ಪಿಸಲು ಹೋಗಿ ಚರಂಡಿಗೆ ಇಳಿಸಿದ. ಪಕ್ಕದಲ್ಲಿ ಕೂತಿದ್ದ ನಮ್ಮಕ್ಕನ ಕೈ ಮುರಿಯಿತು. 42 ಸಾವಿರದ ಸೆಟ್ಟಿನಲ್ಲಿ ಒಂದು ವೀಲು ಬಿಸ್ಕತ್ತಿನಂತೆ ಸೀಳಿತ್ತು.

ಮಾರನೆಯ ದಿನ ನಾನು ಟೈರುಗಳ ಮಗ್ಗುಲು ಒರೆಸಿ ನೋಡಿದೆ. ಡಿ.ಒ.ಟಿ. ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ: 2217. ಎಂದರೆ 2017ನೇ ಇಸವಿಯ 22ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ಯಾವುದೋ ಗೋದಾಮಿನಲ್ಲಿ ಬಿದ್ದು ಕಲ್ಲಿನಂತೆ ಗಟ್ಟಿಯಾಗಿತ್ತು. ಹೂವೆಲ್ಲ ತುಂಬಿಕೊಂಡೇ ಇತ್ತು, ನೋಡಿದವರು ಹೊಸದೆಂದೇ ಹೇಳಬೇಕು. 1.6 ಮಿ.ಮೀ.ಗಿಂತ ಹೂವು ಸವೆದ ಟೈರಿನಲ್ಲಿ ಕಾರು ಓಡಿಸಬಾರದೆಂದು ಕಾನೂನಿದೆ. ಮುದಿ ಟೈರನ್ನು ಹೊಸದೆಂದು ಮಾರುವವನನ್ನು ಹಿಡಿಯುವವರು ಯಾರೂ ನಮ್ಮ ಕಡೆ ಕಾಣಲಿಲ್ಲ.

ನಿಜವಾದ ಸ್ಪೋರ್ಟ್ಸ್ ಕಾರುಗಳು ಏನು ತೊಟ್ಟಿದ್ದವು ಗೊತ್ತೆ? 1989ರಲ್ಲಿ ಬಂದು ಲೋಕವನ್ನೇ ಮರುಳು ಮಾಡಿದ ಮಾಜ್ದಾದ ಎಂ.ಎಕ್ಸ್.-5, ಎರಡೇ ಸೀಟಿನ ಆ ಪುಟ್ಟ ಕಾರು, ಬಂದದ್ದು 185/60 ಆರ್ 14 ಟೈರಿನಲ್ಲಿ. ಅಗಲ ನಮ್ಮ ಸ್ವಿಫ್ಟಿನಷ್ಟೇ, ರಿಮ್ಮು ಅದಕ್ಕಿಂತ ಒಂದಿಂಚು ಚಿಕ್ಕದು. 2012ರಲ್ಲಿ ಟೊಯೋಟಾದವರು ತಂದ ಜಿ.ಟಿ. 86 ಸ್ಪೋರ್ಟ್ಸ್ ಕಾರಿಗೆ ಹಾಕಿದ್ದು, ಪೆಟ್ರೋಲು ಉಳಿಸಲೆಂದೇ ಮಾಡಿದ ತಮ್ಮ ಪ್ರಿಯಸ್ ಕಾರಿನಲ್ಲಿ ಬರುತ್ತಿದ್ದ ಟೈರನ್ನೇ. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಮಾಡಿದ ಡಾಲ್ಫಿನ್ 848 ಸಿ.ಸಿ.ಯ ಫೈಬರ್ ಮೈಯ ಕಾರು. ಮನೆಮಂದಿಯ ಕಾರಾಗಿ ಅದು ಮಾರುತಿಯ ಮುಂದೆ ನಿಲ್ಲಲಿಲ್ಲ. ಆದರೆ ರ್‍ಯಾಲಿಗಳಲ್ಲಿ ತನಗಿಂತ ದೊಡ್ಡ ಕಾರುಗಳ ಬೆವರಿಳಿಸಿತು. ಹಗುರವಾಗಿರುವುದೇ ಅದರ ವಿದ್ಯೆ. ನಮ್ಮ ಹುಡುಗರು ಅಗ್ಗದ ದೊಡ್ಡ ವೀಲು ಹಾಕಿಸಿ ಚಕ್ರವನ್ನೇ ಭಾರ ಮಾಡಿಕೊಳ್ಳುತ್ತಾರೆ. ಆಮೇಲೆ ಪಿಕಪ್ಪು ಕಡಿಮೆಯಾಯಿತೆಂದು ಮೆಕ್ಯಾನಿಕ್ಕನ್ನು ಬೈಯುತ್ತಾರೆ.

ಆ ವೀಲುಗಳ ವಿಷಯವೂ ಅಷ್ಟೆ. ಎಲ್ಲ ಕಾರಿಗೂ ಹೊಂದಲೆಂದು ನಡುವಿನ ತೂತನ್ನು ದೊಡ್ಡದಾಗಿ ಕೊರೆದಿರುತ್ತಾರೆ, ಬೋಲ್ಟಿನ ತೂತು ನಾಲ್ಕರ ಬದಲು ಎಂಟು. ನಡುವೆ ಸರಿಯಾದ ರಿಂಗು ಕೂರಿಸದಿದ್ದರೆ 80ರ ಮೇಲೆ ಸ್ಟಿಯರಿಂಗು ನಡುಗುತ್ತದೆ. ಅಂಗಡಿಯವನು ಬ್ಯಾಲೆನ್ಸಿಂಗ್ ಸರಿಯಿಲ್ಲ ಎಂದು ಮತ್ತೆ ದುಡ್ಡು ಕೀಳುತ್ತಾನೆ. ಹೆಸರಾಂತ ವೀಲಿನ ನಕಲಿಗೆ ಆ ಹೆಸರಿನ ಸ್ಟಿಕ್ಕರೂ ಉಚಿತ.

60 ಸಾವಿರ ಇದೆಯೆಂದೇ ಇಟ್ಟುಕೊಳ್ಳಿ. ಕಂಪನಿಯ 15 ಇಂಚಿನ ಡಿಸ್ಕೇ ಇರಲಿ. 185/65ರ ಬದಲು ಬೇಕಿದ್ದರೆ 195/60 ಹಾಕಿಸಿ. ಎತ್ತರ ಆರೇ ಮಿ.ಮೀ. ಕಡಿಮೆ, ಮಗ್ಗುಲೂ ಉಳಿಯುತ್ತದೆ. ಐ.ಎಸ್.ಐ. ಗುರುತಿರುವ, ಮಳೆಯಲ್ಲಿ ಹಿಡಿಯುತ್ತದೆಂದು ಹೆಸರು ಪಡೆದ ಟೈರನ್ನು ಆರಿಸಿ. ಅರ್ಧ ದುಡ್ಡೂ ಮುಗಿಯುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿರುವುದರಿಂದ ಚೌಕಾಸಿ ಮಾಡಲು ಕಾರಣವೂ ಇದೆ. ಉಳಿದದ್ದರಲ್ಲಿ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು, ಸೋರುತ್ತಿರುವ ಶಾಕ್ ಅಬ್ಸಾರ್ಬರು ಬದಲಿಸಿ. ಹೀಗೆ ಸಜ್ಜಾದ ಕಾರು ಹೊಳಲ್ಕೆರೆ ರಸ್ತೆಯ ತಿರುವುಗಳಲ್ಲಿ 17 ಇಂಚಿನ ಷೋಕಿಯನ್ನು ಹಿಂದೆ ಹಾಕುತ್ತದೆ. ನೋಡಿದವರು ತಿರುಗಿ ನೋಡುವುದಿಲ್ಲ ಎಂಬುದೊಂದೇ ಕೊರತೆ.

ಹಿರಿಯರನ್ನು ಬಿಟ್ಟುಬಿಟ್ಟೆನೆಂದು ಅವರು ನಗಬೇಕಾಗಿಲ್ಲ. ನಮ್ಮ ಭಾವ, ಆ ಹುಡುಗನ ಅಪ್ಪ, ತಮ್ಮ ಕಾರಿಗೆ ಯಾರೋ ಬಿಚ್ಚಿ ಕೊಟ್ಟ ಟೈರು ಹುಡುಕಿ ಹಾಕಿಸುವವರು. "ಟೈರು ಗುಂಡಗಿದ್ರೆ ಸಾಕು ಬಿಡೋ" ಎನ್ನುತ್ತಾರೆ. ಲಾರಿಗೆ ರೀಟ್ರೆಡ್ ಮಾಡಿಸುವುದು ಲೆಕ್ಕಾಚಾರದ ಮಾತು, ಅದರ ಗೂಡು ಅದಕ್ಕೆಂದೇ ಗಟ್ಟಿಯಾಗಿರುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನೂರರಲ್ಲಿ ಓಡುವ ಕಾರಿಗೆ ಅದೇ ಲೆಕ್ಕ ಹಾಕುವುದು ಜಿಪುಣತನ. ಮಗ ಟೈರಿನ ದುಡ್ಡನ್ನು ವೀಲಿಗೆ ಕೊಟ್ಟ, ಅಪ್ಪ ಟೈರಿನ ದುಡ್ಡನ್ನು ಬ್ಯಾಂಕಿಗೆ ಹಾಕಿದ. ರಬ್ಬರಿಗೆ ಇಬ್ಬರೂ ಕೊಡಲಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯಲ್ಲಿರುವ ತಯಾರಕರ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅಪಘಾತವಾದ ಮೇಲೆ ವಿಮೆಯವರು ಕಾರಿನ ಸುತ್ತ ಸುತ್ತುವಾಗ ಈ ಕಲಮು ಅವರ ಜೇಬಿನಲ್ಲಿರುತ್ತದೆ.

ಇಷ್ಟಾದರೂ ಹಾಕಿಸಿಯೇ ತೀರುತ್ತೇನೆ ಎನ್ನುವವನು ಹಳೆಯ ಡಿಸ್ಕುಗಳನ್ನು ಅಂಗಡಿಯಲ್ಲೇ ಬಿಟ್ಟು ಬರದಿರಲಿ. ನಮ್ಮ ಹುಡುಗ ನಾಲ್ಕನ್ನೂ ಸೇರಿಸಿ ಮೂರು ಸಾವಿರಕ್ಕೆ ಕೊಟ್ಟು ಬಂದಿದ್ದ; ಆಮೇಲೆ ಅಂಥವೇ ನಾಲ್ಕನ್ನು ದಾವಣಗೆರೆಯ ಗುಜರಿಯಲ್ಲಿ ಹುಡುಕಿ ಎಂಟು ಸಾವಿರಕ್ಕೆ ತಂದೆವು.