ಗೇರು ಹೋದರೂ ಇಳಿಜಾರು ಹೋಗದು

ನಮ್ಮ ಮಲೆನಾಡಿನ ಅಡಿಕೆ ಬೆಳಗಾವಿ ಸೀಮೆಯ ಎಲೆ-ಅಡಿಕೆ ಅಂಗಡಿಗಳಿಗೆ ಹೋಗುತ್ತದೆ. ಆ ಸೀಮೆಯ ಬೆಲ್ಲ ನಮ್ಮ ಕಾಫಿಯ ಲೋಟಕ್ಕೆ ಬರುತ್ತದೆ. ಊರೊಳಗಿನ ಕಣದಿಂದ ಪೇಟೆಯವರೆಗೆ ಈ ಎರಡನ್ನೂ ಹೊರುವುದು ಇಂದು ಸಣ್ಣ ಲಾರಿ, ಅಂದರೆ ನಾವೆಲ್ಲರೂ ಪಿಕಪ್ ಎಂದು ಕರೆಯುವ ಗಾಡಿ. ಸದಸ್ಯ ಬಾಂಧವರಲ್ಲಿ ಅನೇಕರ ಮನೆಯಂಗಳದಲ್ಲಿ ಇಂಥದೊಂದು ನಿಂತಿರುತ್ತದೆ. ಆದುದರಿಂದ ಬೆಲೆ, ರೋಗ, ಗೊಬ್ಬರಗಳ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಗಾಡಿಯ ಗೇರಿನ ವಿಚಾರ ಬರೆಯುವುದನ್ನು ಯಾರೂ ಅಪ್ರಸ್ತುತವೆಂದು ಭಾವಿಸಲಾರರೆಂದು ನಂಬಿದ್ದೇನೆ.

ಕಳೆದ ಚಳಿಗಾಲದಲ್ಲಿ ಬಂಧುಗಳ ಮನೆಯ ಮದುವೆಗೆಂದು ಹುಕ್ಕೇರಿಗೆ ಹೋಗಿದ್ದೆ. ಮದುವೆ ಮುಗಿದ ಮೇಲೆ ಗೋಕಾಕ, ಮೂಡಲಗಿಗಳನ್ನೂ ಸುತ್ತಿ ಬಂದೆ. ಅದು ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಗಳ ಕಡೆಗೆ ಸಾಲುಗಟ್ಟಿ ಸಾಗುತ್ತಿದ್ದವು. ಬೆಲ್ಲದ ಗಾಣಗಳ ಮುಂದೆ, ಸಂಕೇಶ್ವರದ ಮೆಣಸಿನಕಾಯಿ ಅಂಗಡಿಗಳ ಮುಂದೆ ಪಿಕಪ್‌ಗಳು ಕಾದು ನಿಂತಿದ್ದವು. ಇವೆಲ್ಲವೂ ಗೇರಿನ ಗಾಡಿಗಳೇ. ಆದರೆ ಮದುವೆ ಮನೆಯ ಮುಂದೆ ನಿಂತಿದ್ದ ಕಾರುಗಳಲ್ಲಿ ಕ್ಲಚ್ ಇಲ್ಲದವು ನಾಲ್ಕಾರು ಇದ್ದವು. ಅವುಗಳಲ್ಲಿ ಒಂದು ನಮ್ಮ ಬಂಧುಗಳ ಮಗನದು. ಇಪ್ಪತ್ತೆರಡರ ಹುಡುಗ, ಚುರುಕು. ಕಾರು ಕಲಿತದ್ದೂ, ಲೈಸೆನ್ಸ್ ಪಡೆದದ್ದೂ ಆ ಕ್ಲಚ್ ಇಲ್ಲದ ಕಾರಿನಲ್ಲಿಯೇ.

ಒಂದು ದಿನ ಬೆಳಗಾವಿಯಿಂದ ಗೊಬ್ಬರ ತರಲು ಅವರ ಪಿಕಪ್ ಹೊರಟಿತು. ನಾನೂ ಜೊತೆಗೆ ಹೋದೆ. ಬರುವಾಗ ಹುಡುಗನು ತಾನೇ ಓಡಿಸುತ್ತೇನೆಂದು ಕುಳಿತ. ಮಧ್ಯದಲ್ಲಿ ಅವರ ಹಳೆಯ ಚಾಲಕ, ಬಾಗಿಲ ಬದಿಗೆ ನಾನು. ಕ್ಲಚ್ ಹಿಡಿದು ಗಾಡಿ ಎತ್ತುವುದನ್ನು ಅವನು ನಾಲ್ಕು ದಿನಗಳಲ್ಲಿ ಕಲಿತಿದ್ದ, ಇಳಿಸುವುದನ್ನು ಕಲಿತಿರಲಿಲ್ಲ. ಹೆದ್ದಾರಿಯ ವಂಟಮೂರಿ ಘಾಟಿನಲ್ಲಿ, ಹಿಂದೆ ತುಂಬಿದ ಚೀಲ, ಮುಂದೆ ಇಳಿಜಾರು, ಗಾಡಿ ನಾಲ್ಕನೆಯ ಗೇರಿನಲ್ಲಿಯೇ ಇತ್ತು. ಹುಡುಗ ಬ್ರೇಕಿನ ಮೇಲಿಟ್ಟ ಕಾಲನ್ನು ತೆಗೆಯಲೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾಸನೆ ಬಂತು. ಆಮೇಲೆ ಅವನ ಮುಖದ ಬಣ್ಣ ಬದಲಾಯಿತು. ಬ್ರೇಕು ಹಿಡಿಯುತ್ತಿರಲಿಲ್ಲ.

ಚಾಲಕ ಕೂಗಾಡಲಿಲ್ಲ. "ತಮ್ಮಾ, ಅಂಜಬ್ಯಾಡ. ಕ್ಲಚ್ ಒತ್ತು" ಎಂದು ತಾನೇ ಕೈ ಚಾಚಿ ಗೇರನ್ನು ಮೂರಕ್ಕೆ ಎಳೆದ. "ಈಗ ಸಾವಕಾಶ ಬಿಡು" ಎಂದ. ಇಂಜಿನ್ನು ಗರ್ಜಿಸಿತು, ಗಾಡಿ ತುಸು ತಡೆಯಿತು. ಮತ್ತೆ ಕ್ಲಚ್ಚು, ಎರಡನೆಯ ಗೇರು. ಗಾಡಿ ಹತೋಟಿಗೆ ಬಂದು, ಇಳಿಜಾರು ಮುಗಿದಲ್ಲಿ ರಸ್ತೆಯ ಬದಿಗೆ ನಿಂತಿತು. ಮೂವರೂ ಇಳಿದು ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತೆವು. ಆಮೇಲೆ ಚಾಲಕ ನನ್ನ ಕಡೆ ತಿರುಗಿ, "ಏರಾಕ ಯಾವ ಗೇರ ಬೇಕೋ, ಇಳ್ಯಾಕೂ ಅದ ಗೇರ ಬೇಕ್ರಿ ಸಾಹೇಬ್ರ. ಇದನ್ನ ಈಗಿನ ಹುಡುಗ್ರಿಗೆ ಯಾರ ಹೇಳ್ತಾರ್ರಿ?" ಎಂದ.

ಅವನ ಪ್ರಶ್ನೆ ಊರಿಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ವಂಟಮೂರಿಯಾಗಲಿ, ನಿಪ್ಪಾಣಿಯ ದಾರಿಯ ತವಂದಿ ಘಾಟಾಗಲಿ ನಮ್ಮ ಚಾರ್ಮಾಡಿ, ಶಿರಾಡಿ, ಆಗುಂಬೆಗಳ ಮುಂದೆ ಚಿಕ್ಕವು. ಅಲ್ಲಿಯೇ ಹೀಗಾದರೆ ಇಲ್ಲಿ ಹೇಗೆ?

ಮೊದಲಿಗೆ, ಆಗುತ್ತಿರುವುದೇನೆಂದು ತಿಳಿಯೋಣ. ಹಿಂದಿನ ಅಂಬಾಸಿಡರ್ ಕಾರಿನಲ್ಲಿ ಗೇರಿನ ಹಿಡಿಕೆ ಸ್ಟೀರಿಂಗಿನ ಕೆಳಗೆ ಇರುತ್ತಿತ್ತು. ಜೀಪಿನಲ್ಲಿ ನೆಲದ ಮೇಲೆ. ಆ ಕಾಲದಲ್ಲಿ ಲಾರಿಯ ಚಾಲಕನಾಗಬೇಕಾದವನು ಮೊದಲು ವರ್ಷಗಟ್ಟಲೆ ಕ್ಲೀನರ್ ಆಗಿ ದುಡಿಯಬೇಕಾಗಿತ್ತು. ಚಕ್ರಕ್ಕೆ ಕಲ್ಲು ಕೊಡುತ್ತ, ಉಸ್ತಾದನ ಕೈ ನೋಡುತ್ತ, ಇಂಜಿನ್ನಿನ ಶಬ್ದ ಕೇಳುತ್ತ ಅವನು ಘಟ್ಟ ಇಳಿಯುವುದನ್ನು ಕಲಿಯುತ್ತಿದ್ದ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಲಾರಿ ಸಾಮಾನ್ಯ ರೈತನ ಕೈಗೂ ಎಟಕಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಅದರೊಂದಿಗೆ ಕ್ಲೀನರನ ಶಿಷ್ಯವೃತ್ತಿಯೂ ಕಳೆಯಿತು. ಮನೆಯ ಗಾಡಿ, ಮನೆಯ ಮಗ, ಕಲಿಸುವವನಿಲ್ಲ.

2014ರಲ್ಲಿ ಇನ್ನೊಂದು ಬದಲಾವಣೆಯಾಯಿತು. ಆ ವರ್ಷ ಮೇ ತಿಂಗಳಿನಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ ನಿಂತಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮಾರುತಿಯವರು ಸೆಲೆರಿಯೊ ಎಂಬ ಕಾರನ್ನು ಕ್ಲಚ್ ಪೆಡಲ್ ಇಲ್ಲದೆ, ಸಾಮಾನ್ಯರಿಗೆ ಎಟಕುವ ಬೆಲೆಗೆ ತಂದರು. ಅದಕ್ಕೆ ಮೊದಲೂ ಆಟೊಮ್ಯಾಟಿಕ್ ಕಾರುಗಳಿದ್ದವು. ಆದರೆ ಅವು ಉಳ್ಳವರ ಸೊತ್ತಾಗಿದ್ದವು. ಈ ಹೊಸ ಬಗೆಯಲ್ಲಿ ಗೇರಿನ ಪೆಟ್ಟಿಗೆ ಹಳೆಯದೇ. ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸವನ್ನು ಮಾತ್ರ ಒಂದು ಯಂತ್ರ ಮಾಡುತ್ತದೆ. ಎಂದರೆ ಗೇರು ಹೋಗಿಲ್ಲ, ಗೇರು ಹಾಕುವ ಕೈ ಹೋಗಿದೆ. 2022ರಲ್ಲಿ ಟಾಟಾ ಏಸ್ ವಿದ್ಯುತ್ ಗಾಡಿಯಾಗಿಯೂ ಬಂತು. ಅದರಲ್ಲಿ ಕ್ಲಚ್ಚೂ ಇಲ್ಲ, ಬದಲಿಸಬೇಕಾದ ಗೇರೂ ಇಲ್ಲ. ಇಂದು ನಮ್ಮ ಪಿಕಪ್‌ಗಳಲ್ಲಿ ಬಹುತೇಕ ಗೇರಿನವೇ ಆದರೂ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂಬುದು ಸ್ಪಷ್ಟ.

ಇದನ್ನು ನಾನು ವಿರೋಧಿಸುತ್ತಿಲ್ಲ. ಮೊಣಕಾಲು ನೋವಿನಿಂದ ಕಾರು ಬಿಟ್ಟಿದ್ದ ಹಿರಿಯರು ಮತ್ತೆ ಕಾರು ಓಡಿಸುತ್ತಿದ್ದಾರೆ. ಮಕ್ಕಳನ್ನು ಶಾಲೆಗೆ ಬಿಡಲು ಚಾಲಕನ ದಾರಿ ಕಾಯುತ್ತಿದ್ದ ಎಷ್ಟೋ ತೋಟದ ಮನೆಯ ಹೆಣ್ಣುಮಕ್ಕಳು ಈಗ ತಾವೇ ಹೊರಡುತ್ತಾರೆ. ಏರುದಾರಿಯಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರೀತೆಂಬ ಭಯದಿಂದ ಹಿಂದೆ ಎಷ್ಟು ಜನ ಕಲಿಕೆಯನ್ನೇ ಕೈಬಿಟ್ಟಿದ್ದರೋ! ಸಲಕರಣೆ ಸುಲಭವಾದುದಕ್ಕೆ ಮರುಗುವುದು ಒನಕೆ ಹೋಯಿತೆಂದು ಅತ್ತಂತೆ. ನನ್ನ ಚಿಂತೆ ಗೇರಿನ ಕುರಿತಲ್ಲ, ಗೇರಿನಿಂದ ನಾವು ಕಲಿತ ಪಾಠದ ಕುರಿತು.

ಆ ಪಾಠವೇನು? ಇಳಿಜಾರಿನಲ್ಲಿ ಹೇರಿನ ಗಾಡಿಯನ್ನು ಮುಖ್ಯವಾಗಿ ತಡೆಯಬೇಕಾದುದು ಇಂಜಿನ್ನು. ಬ್ರೇಕು ಅದರ ಸಹಾಯಕ. ಕೆಳಗಿನ ಗೇರಿನಲ್ಲಿದ್ದಾಗ ಚಕ್ರವೇ ಇಂಜಿನ್ನನ್ನು ತಿರುಗಿಸಬೇಕಾಗುವುದರಿಂದ ಗಾಡಿಗೆ ತಾನಾಗಿ ತಡೆ ಒದಗುತ್ತದೆ. ಬ್ರೇಕೊಂದನ್ನೇ ಒತ್ತುತ್ತ ಇಳಿದರೆ ಡ್ರಮ್ಮು, ಲೈನಿಂಗು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಡೀಸೆಲ್ ಉಳಿಯುತ್ತದೆಂದು ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಘಟ್ಟ ಇಳಿಯುವವರು ಇನ್ನೂ ಇದ್ದಾರೆ. ಅವರಿಗೊಂದು ಮಾತು: ಈಗಿನ ಇಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ತಾನಾಗಿ ನಿಲ್ಲುತ್ತದೆ, ನ್ಯೂಟ್ರಲ್ಲಿನಲ್ಲಿ ಇಂಜಿನ್ನನ್ನು ನಡೆಸಲು ಇಂಧನ ಬೇಕೇ ಬೇಕು. ಹಣವೂ ಉಳಿಯದು, ಪ್ರಾಣಕ್ಕೂ ಅಪಾಯ.

ಕ್ಲಚ್ ಇಲ್ಲದ ಕಾರುಗಳಲ್ಲಿಯೂ ಈ ಪಾಠಕ್ಕೆ ಅವಕಾಶವಿದೆ. ಅನೇಕ ಕಾರುಗಳಲ್ಲಿ ಹಿಡಿಕೆಯ ಬಳಿ 'ಎಂ' ಅಥವಾ 'ಎಲ್' ಎಂಬ ಅಕ್ಷರವಿರುತ್ತದೆ. ಅಲ್ಲಿಗೆ ಸರಿಸಿ ಗಾಡಿಯನ್ನು ಕೆಳಗಿನ ಗೇರಿನಲ್ಲಿ ಹಿಡಿಯಬಹುದು. ಆದರೆ ಕಾರು ಕೊಂಡು ವರ್ಷಗಳಾದರೂ ಆ ಅಕ್ಷರವನ್ನು ಮುಟ್ಟದವರೇ ನಾನು ಕೇಳಿದವರಲ್ಲಿ ಹೆಚ್ಚು. ಗೇರಿನ ಗಾಡಿ ಓಡಿಸಿದವನಿಗೆ ಅದರ ಉಪಯೋಗ ಕೂಡಲೇ ಹೊಳೆಯುತ್ತದೆ. ಓಡಿಸದವನಿಗೆ ಅದೊಂದು ಅಲಂಕಾರ.

ವಿದ್ಯುತ್ ಗಾಡಿಯ ವಿಚಾರದಲ್ಲಿ ನಮ್ಮ ಬೆಳೆಗಾರರು ವಿಶೇಷವಾಗಿ ತಿಳಿಯಬೇಕಾದುದೊಂದಿದೆ. ಇಳಿಯುವಾಗ ಅದರ ಮೋಟಾರೇ ಗಾಡಿಯನ್ನು ತಡೆದು, ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಇದು ಬಹಳ ಒಳ್ಳೆಯ ಏರ್ಪಾಡು. ಆದರೆ ಬ್ಯಾಟರಿ ಮೊದಲೇ ತುಂಬಿದ್ದರೆ ಆ ಶಕ್ತಿಗೆ ಜಾಗವಿಲ್ಲ; ಆಗ ಈ ತಡೆಯೂ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಬಯಲುಸೀಮೆಯವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ನಮ್ಮಲ್ಲಿ ಮನೆ ಘಟ್ಟದ ಮೇಲೆ, ಪೇಟೆ ಘಟ್ಟದ ಕೆಳಗೆ. ಕೊಟ್ಟಿಗೆಹಾರದ ಕಡೆಯ ಬೆಳೆಗಾರನು ರಾತ್ರಿಯೆಲ್ಲ ಚಾರ್ಜಿಗೆ ಹಾಕಿ, ಬೆಳಿಗ್ಗೆ ಹೇರು ತುಂಬಿ ನೇರ ಚಾರ್ಮಾಡಿ ಇಳಿಯಲು ಹೊರಟರೆ, ತಡೆ ಅತ್ಯಂತ ಬೇಕಾದ ಹೊತ್ತಿಗೆ ಅದು ಅತ್ಯಂತ ಕಡಿಮೆಯಿರುವ ಸಂಭವವಿದೆ. ಘಟ್ಟದ ಮೇಲಿನವರು ಬ್ಯಾಟರಿಯನ್ನು ಸ್ವಲ್ಪ ಖಾಲಿ ಬಿಟ್ಟು ಹೊರಡುವುದು ಕ್ಷೇಮ.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಮೋಟಾರ್ ಸೈಕಲ್ಲಿಗೆ ಗೇರ್ ಸಹಿತ, ಗೇರ್ ರಹಿತ ಎಂದು ಬೇರೆ ಬೇರೆ ಲೈಸೆನ್ಸ್ ಇದೆ. ಕಾರಿಗೆ ಈ ಭೇದವಿಲ್ಲ. ಅಲ್ಲದೆ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ, ಲಘು ವಾಹನದ ಲೈಸೆನ್ಸ್ ಇರುವವರು ಒಟ್ಟು ತೂಕ 7,500 ಕಿಲೋ ಮೀರದ ಸಾಗಾಣಿಕೆ ವಾಹನವನ್ನೂ ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದೆಂದು ತೀರ್ಪಿತ್ತಿದೆ. ಇದರಿಂದ ಬಡ ಚಾಲಕರಿಗೆ ನಿಜವಾಗಿ ಅನುಕೂಲವಾಗಿದೆ, ತೀರ್ಪಿನಲ್ಲಿ ದೋಷವೆಣಿಸುತ್ತಿಲ್ಲ. ಆದರೆ ಎರಡನ್ನೂ ಕೂಡಿಸಿ ನೋಡಿ: ಕ್ಲಚ್ ಮುಟ್ಟದೆ ಲೈಸೆನ್ಸ್ ಪಡೆದವನು ಮರುದಿನವೇ ಅಡಿಕೆ ಚೀಲ ಹೇರಿದ ಪಿಕಪ್‌ನಲ್ಲಿ ಕುಳಿತು ಘಟ್ಟ ಇಳಿಯಬಹುದು. ಕಾನೂನು ಅಡ್ಡಿ ಬಾರದು.

ಬೇರೆ ದೇಶಗಳು ಇದಕ್ಕೆ ದಾರಿ ಹುಡುಕಿವೆ. ಇಂಗ್ಲೆಂಡಿನಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟವನಿಗೆ ಅಂಥ ಕಾರಿಗಷ್ಟೇ ಲೈಸೆನ್ಸ್. ಜರ್ಮನಿಯವರು 2021ರ ಏಪ್ರಿಲ್‌ನಿಂದ ನಡುವಣ ಹಾದಿ ಹಿಡಿದಿದ್ದಾರೆ. ಪರೀಕ್ಷೆಯನ್ನು ಆಟೊಮ್ಯಾಟಿಕ್ ಕಾರಿನಲ್ಲಿ ಕೊಡಬಹುದು. ಆದರೆ ಗೇರಿನ ಕಾರನ್ನೂ ಓಡಿಸುವ ಹಕ್ಕು ಬೇಕಾದರೆ ಗೇರಿನ ಕಾರಿನಲ್ಲಿ 45 ನಿಮಿಷದ ಕನಿಷ್ಠ 10 ಪಾಠ ಮುಗಿಸಿ, ತರಬೇತಿ ಶಾಲೆಯವರ ಮುಂದೆ 15 ನಿಮಿಷ ಓಡಿಸಿ ತೋರಿಸಬೇಕು. ಹೊಸತನ್ನೂ ತಡೆಯಲಿಲ್ಲ, ಹಳೆಯ ಪಾಠವನ್ನೂ ಬಿಡಲಿಲ್ಲ. ಇದನ್ನು ನಮ್ಮ ಸಾರಿಗೆ ಇಲಾಖೆಯವರ ಗಮನಕ್ಕೆ ತರುವುದು ಉಚಿತ.

ಆದರೆ ಸರಕಾರದ ದಾರಿ ನೋಡುತ್ತ ಕೂರುವುದು ಸಹಕಾರಿಗಳ ಲಕ್ಷಣವಲ್ಲ. ನಾನು ಹೋಗಿದ್ದ ಹುಕ್ಕೇರಿಯಲ್ಲಿಯೇ ಇದಕ್ಕೆ ನಿದರ್ಶನವಿದೆ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾಯಿತು. ಪ್ರಯೋಗಾರ್ಥವಾಗಿ ದೇಶದಲ್ಲಿ ಮೊದಲು ಆರಂಭಿಸಿದ ಐದು ಸಂಘಗಳಲ್ಲಿ ಅದೂ ಒಂದು. ಹಳ್ಳಿಗಳಿಗೆ ಕರೆಂಟು ತಂದ ಆ ಸಂಘದ ತಂತಿಯಿಂದಲೇ ನಾಳೆ ಅಲ್ಲಿಯ ಗೇರಿಲ್ಲದ ಗಾಡಿಗಳು ಚಾರ್ಜ್ ಆಗಲಿವೆ. ಕರೆಂಟನ್ನೇ ತರಬಲ್ಲ ಸಹಕಾರಕ್ಕೆ ಘಟ್ಟ ಇಳಿಯುವ ಪಾಠ ಹೇಳಿಸುವುದು ಕಷ್ಟವೆ?

ಆದುದರಿಂದ ನನ್ನ ಸೂಚನೆ ಇಷ್ಟು. ಕೊಯ್ಲು ಆರಂಭವಾಗುವ ಮೊದಲು ನಮ್ಮ ಸಂಘವು ವರ್ಷಕ್ಕೊಮ್ಮೆ ಎರಡು ದಿನಗಳ ಶಿಬಿರ ನಡೆಸಲಿ. ಘಟ್ಟದಲ್ಲಿ ಜೀವಮಾನ ಸವೆಸಿದ ಹಿರಿಯ ಚಾಲಕರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಅವರಿಗೆ ಗೌರವಧನ ಕೊಟ್ಟು ಉಸ್ತಾದರಾಗಿ ಕರೆಯೋಣ. ಹೇರು ತುಂಬಿದ ಗಾಡಿಯಲ್ಲಿಯೇ ಕಲಿಸಲಿ. ಖಾಲಿ ಗಾಡಿ ಯಾರ ಮಾತನ್ನಾದರೂ ಕೇಳುತ್ತದೆ. ಕ್ಲಚ್ ಇಲ್ಲದ ಗಾಡಿಯವರೂ, ವಿದ್ಯುತ್ ಗಾಡಿಯವರೂ ಬರಲಿ, ತಮ್ಮ ಗಾಡಿ ಇಳಿಜಾರಿನಲ್ಲಿ ಹೇಗೆ ನಿಲ್ಲುತ್ತದೆಂದು ತಿಳಿದು ಹೋಗಲಿ. ಗಾಡಿಗೆ ಸಾಲ ಬೇಡುವ ಸದಸ್ಯರ ಮನೆಯ ಚಾಲಕನು ಈ ಶಿಬಿರಕ್ಕೆ ಬಂದಿರಬೇಕೆಂದು ನಿಯಮ ಮಾಡಿದರೂ ತಪ್ಪಿಲ್ಲ.

ಅಂದು ವಂಟಮೂರಿಯಲ್ಲಿ ಮಧ್ಯದ ಸೀಟಿನಲ್ಲಿ ಒಬ್ಬ ಬಲ್ಲವನಿದ್ದ. ನಮ್ಮ ಮಕ್ಕಳು ಘಟ್ಟ ಇಳಿಯುವಾಗಲೆಲ್ಲ ಅವನು ಪಕ್ಕದಲ್ಲಿ ಇರಲಾರ. ಅವನ ವಿದ್ಯೆಯಾದರೂ ಇರಲಿ. ಸಂಘದ ಆಡಳಿತ ಮಂಡಳಿಯವರು ಈ ವಿಷಯವನ್ನು ಬರುವ ಮಹಾಸಭೆಯ ಮುಂದಿಡುವರೆಂದು ಆಶಿಸುತ್ತೇನೆ.