ಅಜ್ಜನ ಹೆಸರಲ್ಲೊಂದು ಲೋಟ ನೀರು

ಏಪ್ರಿಲ್‌ನಲ್ಲಿ ಕಲ್ಲೂರಿನ ಮಹಾಲಕ್ಷ್ಮಿ ದರ್ಶನಕ್ಕೆ ಬೈಕ್ ಹತ್ತಿದವರಿಗೆ ಹೇಳಬೇಕಿಲ್ಲ, ನಮ್ಮ ರಾಯಚೂರು ಕಡೆ ಬಿಸಿಲಂದ್ರೆ ಬಿಸಿಲು. ಅದಕ್ಕೇ ಇಲ್ಲಿ ಅರವಟಿಗೆ ಅಂದ್ರೆ ದೊಡ್ಡ ಪುಣ್ಯ. ಒಂದು ಚಪ್ಪರ, ಎರಡು ಮಣ್ಣಿನ ಗಡಿಗೆ, ಮೇಲೊಂದು ಬ್ಯಾನರ್: 'ದಿವಂಗತ ಇಂಥವರ ಸ್ಮರಣಾರ್ಥ'.

ಇಂಗ್ಲೆಂಡಿನ ಊರುಗಳಲ್ಲೂ ಇಂಥದ್ದೇ ಇವೆ, ಕಲ್ಲಿನಲ್ಲಿ. ತೀರಿಕೊಂಡವರ ಹೆಸರು ಕೆತ್ತಿದ ಕುಡಿಯುವ ನೀರಿನ ಕಾರಂಜಿಗಳು. ಆದರೆ ಅವುಗಳ ಹಿಂದೆ ಪುಣ್ಯದ ಜೊತೆ ಕಾಲರಾದ ಭಯವೂ ಇತ್ತು. 1854ರಲ್ಲಿ ಲಂಡನ್‌ನ ಬ್ರಾಡ್ ಸ್ಟ್ರೀಟ್‌ನ ಪಂಪಿನ ನೀರೇ ರೋಗದ ಮೂಲ ಅಂತ ಡಾಕ್ಟರ್ ಜಾನ್ ಸ್ನೋ ತೋರಿಸಿದರು. ಜನರಿಗೆ ಶುದ್ಧ ನೀರು ಪುಕ್ಕಟೆ ಕೊಡೋಕೆ 1859ರಲ್ಲಿ ಅಲ್ಲೊಂದು ಸಂಘವೇ ಹುಟ್ಟಿತು.

ಆ ಭಯ ನಮಗೇನು ಹಳೇ ಕಥೆಯಲ್ಲ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಇರೋ ಜಿಲ್ಲೆ ನಮ್ಮದು. ಆದರೂ 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನೀರು ಕುಡಿದು ಜನ ಸತ್ತರು. ನೀರಿದ್ದರೆ ಸಾಲದು, ಅದನ್ನ ನೋಡಿಕೊಳ್ಳೋರು ಬೇಕು.

ಹಿಂದಿನವರಿಗೆ ಇದು ಗೊತ್ತಿತ್ತು. ಅರವಟಿಗೆ ನಡೆಸೋಕಂತಲೇ ದತ್ತಿ ಬಿಟ್ಟ ಶಾಸನಗಳು ಕನ್ನಡದಲ್ಲಿವೆ. ಕಟ್ಟಿ ಕೈತೊಳೆದುಕೊಂಡರೆ ಮುಗೀಲಿಲ್ಲ, ದಿನಾ ನಡೀಬೇಕು ಅನ್ನೋ ಲೆಕ್ಕ ಅದು.

ಈ ಬೇಸಿಗೆ ಅಜ್ಜನ ಹೆಸರಲ್ಲಿ ಅರವಟಿಗೆ ಇಡೋ ಯೋಚನೆ ಇದೆಯಾ? ಬ್ಯಾನರ್ ಚಿಕ್ಕದಿರಲಿ. ನೀರು ಎಲ್ಲಿಂದ ತರೋದು, ಗಡಿಗೆ ದಿನಾ ತೊಳೆಯೋರು ಯಾರು, ಮುಚ್ಚಳ ಇದೆಯಾ, ಉದ್ದ ಹಿಡಿಯ ಸೌಟು ಇದೆಯಾ, ಇಷ್ಟನ್ನ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಮೊದಲು ತೀರ್ಮಾನ ಮಾಡಿ. ಫೋಟೋ ಆಮೇಲೆ ಹಾಕಿದರಾಯ್ತು.