ಬಣ್ಣ ಹೊಡೆದ ಶಾಕಪ್‌ಗೆ ಕಾಸು ಸುರಿಯಬೇಡಿ

ಭತ್ತದ ಕುಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಂಜನಗೂಡು, ಟಿ. ನರಸೀಪುರ ಕಡೆಯ ಹುಡುಗರ ಫೋನಿಗೆ ಒಂದೇ ಬಗೆಯ ಫೋಟೊಗಳು ಬರತೊಡಗುತ್ತವೆ. ಹಳದಿಯೋ ಕೆಂಪೋ ಬಣ್ಣದ ದಪ್ಪ ಶಾಕಪ್ ಜೋಡಿ. ಕೆಳಗೆ ಒಂದು ಸಾಲು: "ಇಂಪೋರ್ಟೆಡ್, ಎರಡಿಂಚು ಲಿಫ್ಟ್, ಜಾಸ್ತಿ ಓಡಿಲ್ಲ, ಅರ್ಜೆಂಟ್ ಸೇಲ್." ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಇಮು, ಅಮೆರಿಕದ ಫಾಕ್ಸ್, ಥಾಯ್ಲೆಂಡಿನ ಪ್ರೊಫೆಂಡರ್, ಹೀಗೆ ಹೆಸರುಗಳೂ ದೊಡ್ಡವೇ. ಪಟ್ಟಣದವರು ತಮ್ಮ ಥಾರ್‌ಗೋ ಇಸುಜು ವಿ-ಕ್ರಾಸ್‌ಗೋ ಹಾಕಿಸಿ, ಕಾಡು ಮೇಡು ಸುತ್ತಿ, ಸಾಕಾದ ಮೇಲೆ ಬಿಚ್ಚಿ ಮಾರುವ ಮಾಲು ಇದು. ಹೊಸದರ ಬೆಲೆ ಕೇಳಿದವನಿಗೆ ಸೆಕೆಂಡ್ಸ್ ಬೆಲೆ ಪುಕ್ಕಟೆ ಅನ್ನಿಸುತ್ತದೆ.

ನಮಗೂ ಹಾಗೇ ಅನ್ನಿಸಿತ್ತು. ನಮ್ಮ ಮನೆಯಲ್ಲಿ ಒಂದು ಬೊಲೆರೊ ಕ್ಯಾಂಪರ್ ಇದೆ, ಫೋರ್ ವೀಲ್ ಡ್ರೈವ್. ಬಾಳೆಗೊನೆ, ಗೊಬ್ಬರ, ಕೂಲಿಯಾಳು, ಮದುವೆಯ ಪಾತ್ರೆ ಎಲ್ಲಕ್ಕೂ ಅದೇ. ಹಿಂದಿನ ಶಾಕಪ್ ಸತ್ತಿದ್ದವು. ಫೋನಿನಲ್ಲಿ ಕಂಡ ಒಂದು ಜೋಡಿಯನ್ನು ಒಂಬತ್ತು ಸಾವಿರಕ್ಕೆ ತಂದೆವು. ಮಾರಿದವರು ಮರ್ಯಾದಸ್ಥರಂತೆಯೇ ಮಾತಾಡಿದರು, ಕಾಫಿಯನ್ನೂ ಕುಡಿಸಿದರು. ಶಾಕಪ್ ಮೇಲೆ ಬಣ್ಣ ಹೊಳೆಯುತ್ತಿತ್ತು. ನಾವು ಬಣ್ಣ ನೋಡಿದೆವು, ಅಷ್ಟೆ.

ಮೂರು ವಾರ ಚೆನ್ನಾಗಿಯೇ ಇತ್ತು. ಗಾಡಿ ಗಟ್ಟಿಯಾಗಿದೆ ಎಂದು ಚಿಕ್ಕಪ್ಪ ಊರೆಲ್ಲ ಹೇಳಿಕೊಂಡು ಬಂದರು. ಆಮೇಲೆ ಒಂದು ಸಂಜೆ ನಾಲೆ ಏರಿಯ ಮೇಲೆ ಗೊನೆ ತುಂಬಿಕೊಂಡು ಬರುವಾಗ ಹಿಂದುಗಡೆಯಿಂದ ಧಡ್ ಎಂದು ಸದ್ದು. ಹಿಂಬದಿ ಒಮ್ಮೆ ಎಗರಿ ಪಕ್ಕಕ್ಕೆ ಸರಿಯಿತು. ಗಾಡಿ ನಿಂತಾಗ ಎಡಗಡೆಯ ಚಕ್ರಕ್ಕೂ ನೀರಿಗೂ ನಡುವೆ ಉಳಿದಿದ್ದು ಎರಡು ಮಾರು. ಕ್ಯಾಬಿನ್ನಿನಲ್ಲಿ ಕೆಲಸಕ್ಕೆ ಬಂದಿದ್ದ ಇಬ್ಬರು ಅಕ್ಕಂದಿರಿದ್ದರು. ಅವರಲ್ಲೊಬ್ಬರು ಈಗಲೂ ನಮ್ಮ ಗಾಡಿ ಹತ್ತುವುದಿಲ್ಲ, ನಡೆದೇ ಬರುತ್ತಾರೆ.

ಮಾರನೆಯ ದಿನ ಮೆಕ್ಯಾನಿಕ್ ಅಡಿಗೆ ನುಗ್ಗಿ, ಸ್ಕ್ರೂಡ್ರೈವರಿನಿಂದ ಬಣ್ಣ ಕೆರೆದು ತೋರಿಸಿದ. ಬಣ್ಣದಡಿ ಜಿಡ್ಡು. "ಎಣ್ಣೆ ಎಂದೋ ಸೋರೋಗದೆ ಕಣಣ್ಣ. ಅದೂ ಅಲ್ದೆ ಇದು ನಿಮ್ ಗಾಡಿದೇ ಅಲ್ಲ, ಉದ್ದ ಜಾಸ್ತಿ ಅದೆ. ಲೋಡ್ ಕುಂತಾಗ ಒಳಗೆ ಹೋಗೋಕೆ ಜಾಗನೇ ಇಲ್ಲ, ಬಂದು ಚಾಸಿಗೆ ಗುದ್ದದೆ." ಚಾಸಿಗೆ ಬೆಸುಗೆ ಹಾಕಿದ್ದ ಬ್ರಾಕೆಟ್ಟೇ ಸೀಳಿತ್ತು. ಅದನ್ನು ಕಟ್ಟಿಸಿ, ಹೊಸ ಶಾಕಪ್ ಹಾಕಿಸುವ ಹೊತ್ತಿಗೆ ಒಂಬತ್ತು ಸಾವಿರದ ಉಳಿತಾಯದ ಕಥೆ ಮುಗಿದಿತ್ತು.

ಆ "ಎರಡಿಂಚು ಲಿಫ್ಟ್" ಎಂಬ ಮಾತಿನಲ್ಲೇ ನಾವು ಮೋಸ ಹೋದದ್ದು. ಲೋಡು ಹೊರುವುದೂ ಗಾಡಿಯನ್ನು ಎತ್ತರದಲ್ಲಿ ನಿಲ್ಲಿಸುವುದೂ ಸ್ಪ್ರಿಂಗ್, ಅಂದರೆ ನಮ್ಮ ಪಿಕಪ್‌ಗಳ ಹಿಂದೆ ಇರುವ ಕಮಾನ್ ಪಟ್ಟಿ. ಅದು ಎತ್ತಿನ ಹೆಗಲು. ಶಾಕಪ್ ಮೂಗುದಾರ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಒಂದು ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ತೂತು ಮತ್ತು ವಾಲ್ವ್. ಗುಂಡಿಗೆ ಬಿದ್ದಾಗ ಕಮಾನು ಕುಣಿಯುತ್ತದೆ, ಎಣ್ಣೆ ಆ ತೂತಿನಲ್ಲಿ ತಿಣುಕಿಕೊಂಡು ಹಾದು ಕುಣಿತ ನಿಲ್ಲಿಸುತ್ತದೆ. ಲಿಫ್ಟ್ ಶಾಕಪ್ ಎಂದರೆ ಸ್ಪ್ರಿಂಗ್ ಬದಲಿಸಿ ಆಗಲೇ ಎತ್ತರಿಸಿದ ಗಾಡಿಗೆ ಸರಿಹೋಗುವಷ್ಟು ಉದ್ದನೆಯದು ಎಂದರ್ಥ. ಮಾಮೂಲಿ ಎತ್ತರದ ಗಾಡಿಗೆ ಅದನ್ನು ಹಾಕಿದರೆ ಲೋಡಿನಲ್ಲಿ ತಳ ಮುಟ್ಟುತ್ತದೆ. ಉಲ್ಟಾ ಕೂಡ ನಿಜ: ಲೋಡಿಗೆಂದು ಎರಡು ಪ್ಲೇಟ್ ಜಾಸ್ತಿ ಕಟ್ಟಿಸಿ ಗಾಡಿ ಎತ್ತರವಾದರೆ, ಹಳೇ ಶಾಕಪ್ ಖಾಲಿ ಓಡುವಾಗ ಪೂರ್ತಿ ಎಳೆದುಕೊಂಡು ಸೀಲು ಕಿತ್ತುಕೊಳ್ಳುತ್ತದೆ.

ಸೆಕೆಂಡ್ಸ್ ಕೊಳ್ಳುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಸೆಕೆಂಡ್ಸ್ ಇಲ್ಲದೆ ನಮ್ಮ ತಾಲ್ಲೂಕುಗಳಲ್ಲಿ ಟ್ರಾಕ್ಟರೂ ಓಡುವುದಿಲ್ಲ, ಪಂಪ್‌ಸೆಟ್ಟೂ ಓಡುವುದಿಲ್ಲ. ಆದರೆ ಹಳೇ ಟೈರಿನ ಸವಕಲು ಕಣ್ಣಿಗೆ ಕಾಣುತ್ತದೆ, ಶಾಕಪ್‌ನದು ಕಾಣುವುದಿಲ್ಲ. ರಾಡ್ ಕೈಯಲ್ಲಿ ಒತ್ತಿ ನೋಡಿದರೆ ಗೊತ್ತಾಗುತ್ತದಲ್ಲ ಎನ್ನುವವರಿದ್ದಾರೆ. ಅರ್ಧ ಗೊತ್ತಾಗುತ್ತದೆ. ಅಡ್ಡ ಮಲಗಿಸಿಟ್ಟಿದ್ದರೆ ಎಣ್ಣೆಯಲ್ಲಿ ಗಾಳಿ ಸೇರಿರುತ್ತದೆ, ಅದಕ್ಕೇ ರಾಡ್ ಮೇಲೆ ಬರುವಂತೆ ನೇರ ನಿಲ್ಲಿಸಿ ನಾಲ್ಕೈದು ಸಲ ಒತ್ತಿ ಎಳೆದು, ಆಮೇಲೆ ನೋಡಬೇಕು. ನಡುವೆ ಎಲ್ಲಾದರೂ ಬಿಗಿ ತಪ್ಪಿ ಸರ್ರನೆ ಜಾರಿದರೆ ಅದು ಗುಜರಿಗೆ. ಗ್ಯಾಸ್ ತುಂಬಿದ್ದಾದರೆ ಒತ್ತಿ ಬಿಟ್ಟಾಗ ರಾಡ್ ತಾನೇ ಮೇಲೆ ಬರಬೇಕು, ಬರದಿದ್ದರೆ ಗ್ಯಾಸ್ ಹೋಗಿದೆ. ಆದರೆ ಕೈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಪೂರ್ತಿ ಸತ್ತಿದ್ದು ಮಾತ್ರ. ಲೋಡು ಹೊತ್ತು ಗುಂಡಿ ರಸ್ತೆಯಲ್ಲಿ ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಅದು ಹೇಗಿರುತ್ತದೆ ಎಂದು ಯಾರ ಅಂಗೈಯೂ ಹೇಳಲಾರದು.

ಇನ್ನು ರಾಡ್. ಅದರ ಕ್ರೋಮ್ ಮೇಲೆ ಉಗುರು ಸವರಿ. ತುಕ್ಕಿನ ಚುಕ್ಕಿ ಉಗುರಿಗೆ ತಾಗಿದರೆ ಬೇಡ, ಆ ಚುಕ್ಕಿಯೇ ಸೀಲು ಕೊಯ್ಯುತ್ತದೆ. ಹೊಸದಾಗಿ ಬಣ್ಣ ಹೊಡೆದಿದ್ದರಂತೂ ಯಾಕೆ ಹೊಡೆದಿರಿ ಎಂದು ಕೇಳಿ. ಮಾರುವವರಿಗೆ ಕೋಪ ಬಂದರೆ ಬರಲಿ.

ಕೆಲವರು ಟ್ಯೂಬಿಗೆ ತೂತು ಕೊರೆದು ಎಣ್ಣೆ ತುಂಬಿ ಬೆಸುಗೆ ಹಾಕಿ ಕೊಡುತ್ತಾರೆ. ಗ್ಯಾಸ್ ಶಾಕಪ್‌ಗೆ ಹಾಗೆ ಮಾಡಲು ಹೋದರೆ ಅದು ಸಿಡಿಯಬಹುದು. ಬಿಚ್ಚಿ ರಿಪೇರಿ ಮಾಡಲೆಂದೇ ಮಾಡಿದ ದುಬಾರಿ ಶಾಕಪ್‌ಗಳೂ ಇವೆ, ಆದರೆ ಅವುಗಳ ಸೀಲು ಕಿಟ್ ಯಾರ ಹತ್ತಿರ ಸಿಗುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಕಿಟ್ ಸಿಗದ ಫಾಕ್ಸ್‌ಗಿಂತ ನಂಜನಗೂಡಿನ ಅಂಗಡಿಯಲ್ಲಿ ಸಿಗುವ ಗೇಬ್ರಿಯಲ್ ನಮಗೆ ಮೇಲು.

ಈಗ ನಾವು ನಿಜಕ್ಕೂ ಹೇಳಬೇಕಾದ ಮಾತು. ಪಟ್ಟಣದವರು ಲಿಫ್ಟ್ ಹಾಕಿಸುವ ದಿನ ಬಿಚ್ಚಿಡುತ್ತಾರಲ್ಲ, ಕಂಪನಿಯ ಒರಿಜಿನಲ್ ಶಾಕಪ್, ಅದನ್ನು ಕೇಳಿ. ಹೊಸ ಗಾಡಿಯದಾದರೆ ಒಂದೆರಡು ಸಾವಿರ ಕಿಲೋಮೀಟರ್ ಓಡಿರುವುದೇ ಹೆಚ್ಚು. ಅವರಿಗೆ ಅದು ಶೆಡ್ಡಿನಲ್ಲಿ ಜಾಗ ತಿನ್ನುವ ಕಬ್ಬಿಣ. ಹೊಳಪಿಲ್ಲ, ಸ್ಟೇಟಸ್‌ಗೆ ಹಾಕುವಂಥದ್ದೂ ಅಲ್ಲ. ಆದರೆ ಕ್ಯಾಂಪರ್‌ನದು ಕ್ಯಾಂಪರ್‌ಗೆ, ವಿ-ಕ್ರಾಸ್‌ನದು ವಿ-ಕ್ರಾಸ್‌ಗೆ ಕೂರುತ್ತದೆ. ಥಾರ್‌ನದು ಬೊಲೆರೊಗೆ ಬರುತ್ತದೆ ಎಂಬ ಮಾತು ನಂಬಬೇಡಿ, ಪಾರ್ಟ್ ನಂಬರ್ ತಾಳೆ ನೋಡಿ. ಜೋಡಿಯಾಗಿಯೇ ಕೊಳ್ಳಿ, ರಬ್ಬರ್ ಬುಷ್ ಮಾತ್ರ ಹೊಸದು ಹಾಕಿಸಿ. ನಾವು ಈಚೆಗೆ ನಮ್ಮ ಗಾಡಿಯ ಮುಂದಿನ ಜೋಡಿಯನ್ನು ಹೀಗೇ ತಂದೆವು.

ಕಾನೂನಿನ ಮಾತೂ ಒಂದಿದೆ. ಅದೇ ಅಳತೆಯ ಶಾಕಪ್ ಬದಲಿಸುವುದು ಮಾಮೂಲಿ ರಿಪೇರಿ. ಗಾಡಿಯನ್ನೇ ಎತ್ತರಿಸಿ ರೂಪ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರಬಹುದು. 2019ರ ತಿದ್ದುಪಡಿಯ ಪ್ರಕಾರ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಎಂದೂ ಇದೆ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಎಫ್‌ಸಿ ವರ್ಷ ವರ್ಷವೂ ಆಗಬೇಕು. ಅಲ್ಲಿ ಸಿಕ್ಕಿಬಿದ್ದರೆ ಎಲ್ಲ ಬಿಚ್ಚಿಸಿ ಮತ್ತೆ ಹೋಗುವ ಕೂಲಿಯೂ ನಿಮ್ಮದೇ.

ನಿಮ್ಮ ಶಾಕಪ್ ಸತ್ತಿದೆಯೋ ಇಲ್ಲವೋ ತಿಳಿಯಲು ಈಗಲೇ ಹೊರಗೆ ಹೋಗಿ ಟೈರಿನ ಮೇಲೆ ಅಂಗೈ ಸವರಿ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದು ಸವೆದಿದ್ದರೆ ಮೊದಲ ಅನುಮಾನ ಶಾಕಪ್ ಮೇಲೆಯೇ ಇರಲಿ, ಮೆಕ್ಯಾನಿಕ್ ಹತ್ತಿರ ತೋರಿಸಿ. ನಾವು ಆ ಒಂಬತ್ತು ಸಾವಿರದ ಜೋಡಿಯನ್ನು ಮರಳಿ ಮಾರಲಿಲ್ಲ. ಕೊಳ್ಳುತ್ತೇವೆಂದು ಇಬ್ಬರು ಫೋನ್ ಮಾಡಿದ್ದರು. ಒಬ್ಬರು ತಲಕಾಡಿನ ಕಡೆಯವರು, ಬಣ್ಣ ಹೇಗಿದೆ ಎಂದು ಮೊದಲು ಕೇಳಿದರು. ಗುಜರಿಗೆ ತೂಕಕ್ಕೆ ಹಾಕಿಬಿಟ್ಟೆವು.